ಗಿರಣಿ ಮನೆ ಕೂಸಿನ ಬಾಟಲಿ ಹಠ

ನರ್ಸ್ ಆದವಳು ಯಾವಾಗ ನಗಬಾರದು ಎಂದು ಟ್ರೈನಿಂಗಿನಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಸೂಜಿ ಹೇಗೆ ಕುದಿಸಬೇಕು, ಹೊಕ್ಕುಳ ಬಳ್ಳಿ ಎಲ್ಲಿ ಕತ್ತರಿಸಬೇಕು, ಬಸುರಿಯ ಕಾಲಿನ ಊತ ಹೇಗೆ ಒತ್ತಿ ನೋಡಬೇಕು, ಎಲ್ಲ ಹೇಳಿಕೊಟ್ಟರು. ನಗುವಿನ ಪಾಠ ಮಾತ್ರ ಬಿಟ್ಟುಹೋಯಿತು. ಹಾಗಾಗಿ ಜಗಳೂರಿನಿಂದ ಹಿಡಿದು ಚನ್ನಗಿರಿಯವರೆಗೆ ಹೋದ ಕಡೆಯಲ್ಲೆಲ್ಲ ಬೈಸಿಕೊಂಡೇ ಸರ್ವಿಸ್ ಮುಗಿಸಿದೆ.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬರುತ್ತಾರೆ. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಬಂತು ಎಂಬುದನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ನಾನು ಹಾಲು ಕುಡಿಯುವ ಕೂಸುಗಳ ವಿಷಯ ತೆಗೆಯುತ್ತೇನೆ. ಹೆರಿಗೆ ಒಂದು ದಿನದ ಗದ್ದಲ, ಮುಗಿದುಹೋಗುತ್ತದೆ. ಹಾಲು ಕುಡಿಸುವುದು ದಿನಬೆಳಗಾದರೆ ಇರುವ ರಗಳೆ. ಅದರಲ್ಲೂ ಆ ಕೂಸು ಬಾಟಲಿಯದಾದರೆ ಮುಗಿದೇಹೋಯಿತು, ಮನೆಮಂದಿಯೆಲ್ಲ ಡಾಕ್ಟರುಗಳೇ.

ನನ್ನ ಮೊದಲ ಊರು ಜಗಳೂರು. ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ಎದೆಹಾಲು ಸಾಲದ ಕೂಸಿಗೆ ಅಲ್ಲಿನ ಮನೆಗಳಲ್ಲಿ ಒಳಲೆಯೇ ಗತಿ. ಈಗಿನವರು ನೋಡಿರಲಿಕ್ಕಿಲ್ಲ. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಟ್ಟಲು, ಒಂದು ಕಡೆ ಚೂಪಾದ ಮೂತಿ. ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಆ ಮೂತಿಯಿಂದ ಹಾಲು ಬಿಡುವುದು. ನಾನು ಹೋದ ಹೊಸದರಲ್ಲೇ ದಾವಣಗೆರೆ ಅಂಗಡಿಗಳಿಂದ ಗಾಜಿನ ಬಾಟಲಿಗಳು ಬರತೊಡಗಿದವು. ಬಾಟಲಿ ಬಂದ ಮನೆಯ ಗತ್ತೇ ಬೇರೆ. ಬೀಗರು ಬಂದರೆ ಕೂಸಿಗಿಂತ ಮೊದಲು ಬಾಟಲಿ ತೋರಿಸುತ್ತಿದ್ದರು.

ಅಂಥದ್ದೊಂದು ಮನೆಗೆ ಹೋದಾಗ ಅಜ್ಜ ಹಜಾರದಲ್ಲಿ ಕೂತು ಮೊಮ್ಮಗನಿಗೆ ಬಾಟಲಿ ಹಿಡಿದಿದ್ದ. 'ನಮ್ ಹುಡುಗ ಭಾಳ ಸಾವಕಾಶ ಕುಡಿತಾನ್ರಿ ನರ್ಸಮ್ಮ' ಅಂದ. 'ಬೆಳಿಗ್ಗೆ ತುಂಬ್ಸಿದ್ದು ಇನ್ನಾ ಹಂಗೇ ಐತೆ ನೋಡ್ರಿ. ಆತುರ ಅನ್ನೋದೇ ಇಲ್ಲ.'

ಕೂಸು ಕೆನ್ನೆ ಒಳಗೆ ಹೋಗುವಂತೆ ಚೀಪುತ್ತಿತ್ತು, ಹಣೆಯ ಮೇಲೆ ಬೆವರು. ನಾನು ಬಾಟಲಿ ತೆಗೆದು ನೋಡಿದೆ. ನಿಪ್ಪಲ್ಲಿಗೆ ತೂತೇ ಇರಲಿಲ್ಲ. ಆಗೆಲ್ಲ ತೂತಿಲ್ಲದ ನಿಪ್ಪಲ್ಲುಗಳೂ ಮಾರಾಟಕ್ಕೆ ಬರುತ್ತಿದ್ದವು, ಸೂಜಿ ಕಾಯಿಸಿ ನಾವೇ ಚುಚ್ಚಿಕೊಳ್ಳಬೇಕಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಜ್ಜನಿಗೆ ಅವಮಾನವಾಗಿ, ನಾನು ಸೂಜಿ ಹುಡುಕುವಷ್ಟರಲ್ಲಿ ಮೂಟೆ ಹೊಲಿಯುವ ದಬ್ಬಣ ತಂದು ನಿಪ್ಪಲ್ಲಿಗೆ ಒಂದೇ ಏಟು ಹಾಕಿದ. ಆಮೇಲೆ ಕೂಸು ಹಾಲು ಕುಡಿಯಲಿಲ್ಲ, ಹಾಲಿನಲ್ಲಿ ಸ್ನಾನ ಮಾಡಿತು. ಕೂಸು ಕುಡಿಯುತ್ತಿಲ್ಲ ಅಂತ ಯಾರಾದರೂ ಹೇಳಿದರೆ ಕೂಸನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮೊದಲು ನೋಡಬೇಕು ಎಂಬ ಬುದ್ಧಿ ನನಗೆ ಅವತ್ತು ಬಂತು. ಅದನ್ನು ಬೇಕಾದಾಗ ಮರೆತದ್ದೂ ಉಂಟು, ಅದನ್ನೇ ಈಗ ಹೇಳಲು ಹೊರಟಿದ್ದೇನೆ.

ಅದಕ್ಕೆ ಮೊದಲು ನಮ್ಮ ಸರೋಜಮ್ಮನವರನ್ನು ಪರಿಚಯಿಸಬೇಕು. ಸೂಳೆಕೆರೆ ಪಕ್ಕದ ಊರಿಗೆ ನನಗೆ ವರ್ಗವಾದಾಗ ಅವರು ಅಲ್ಲಿ ಹೆಲ್ತ್ ವಿಸಿಟರ್, ಅಂದರೆ ನನ್ನ ಮೇಲಿನವರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮುಖ. ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆಯುವುದು ಹೇಗೆಂದು ಮೀನುಗಾರರ ಹೆಂಗಸರಿಗೆ ತೋರಿಸಲು ಕೆರೆ ಏರಿಯ ಹತ್ತಿರ ಒಂದು ದಿನ ಎಲ್ಲರನ್ನೂ ಸೇರಿಸಿದರು. ಮಾತು ಅಚ್ಚುಕಟ್ಟಾಗಿ ನಡೆಯಿತು. ಕೊನೆಗೆ ತಣ್ಣಗಿದ್ದ ಗಾಜಿನ ಬಾಟಲಿಗೆ ಕುದಿಯುವ ನೀರು ಸುರಿದರು. ಅದು ಚಟ್ಟನೆ ಒಡೆದು ಎರಡು ಹೋಳಾಯಿತು.

ಸರೋಜಮ್ಮನವರು ಕಣ್ಣು ಕೂಡ ಮಿಟುಕಿಸಲಿಲ್ಲ. 'ಹೀಗೆ ಮಾಡಬಾರದು ಅಂತ ತೋರಿಸಿದೆ' ಅಂದರು.

ಮುಂದೆ ಕೂತ ಒಬ್ಬಳು ಬಲೆ ಹೊಲಿಯುತ್ತಲೇ ಕೇಳಿದಳು: 'ಹಂಗಾರೆ ಹೆಂಗೆ ಮಾಡ್ಬೇಕು ಅನ್ನೋದು ತೋರ್ಸ್ರಿ.'

ಇದ್ದದ್ದು ಅದೊಂದೇ ಬಾಟಲಿ. ನಾನು ಸೆರಗು ಬಾಯಿಗೆ ತುರುಕಿಕೊಂಡು ಏರಿ ಇಳಿದು ಓಡಿದೆ. ಸೆರಗು ಸಾಲಲಿಲ್ಲ, ಅವರಿಗೆ ಕೇಳಿಸಿಬಿಟ್ಟಿತು. ಮುಂದೆ ನನಗೆ ನ್ಯಾಮತಿಗೆ ವರ್ಗವಾದಾಗ, ಸದ್ಯ ಬದುಕಿದೆ ಅಂದುಕೊಂಡೆ. ಕೆಲವೇ ತಿಂಗಳಲ್ಲಿ ಸರೋಜಮ್ಮನವರೂ ಅಲ್ಲಿಗೇ ವರ್ಗವಾಗಿ ಬಂದಿಳಿದರು. ಹಣೆಬರಹಕ್ಕೆ ಹೊಣೆ ಯಾರು.

ಎಂಬತ್ತರ ದಶಕದ ಮೊದಲ ವರ್ಷಗಳು, ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಊರಿನಲ್ಲಿ ಹಾಲಪ್ಪನದು ಒಂದು ಹಿಟ್ಟಿನ ಗಿರಣಿ. ಡೀಸೆಲ್ ಎಂಜಿನ್ನು, ಹೊಗೆ ಕೊಳವೆಯ ಬಾಯಿಗೆ ತಗಡಿನ ಡಬ್ಬಿ. ಗಿರಣಿ ಶುರುವಾಯಿತೆಂದರೆ ಆ ಡಬ್ಬಿ 'ಟುಕ್ಕು ಟುಕ್ಕು ಟುಕ್ಕು' ಎಂದು ಸುತ್ತಲ ಹಳ್ಳಿಗಳಿಗೆಲ್ಲ ಸಾರುತ್ತಿತ್ತು. ಅದನ್ನು ಕೇಳಿ ಜನ ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಹಾಲಪ್ಪನ ಹೆಂಡತಿ ಗಂಗಮ್ಮನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಗಂಡು ಕೂಸಾಯಿತು. ಹೆರಿಗೆ ಮಾಡಿಸಿದವಳು ನಾನೇ. ಮಂಜ ಅಂತ ಹೆಸರಿಟ್ಟರು. ಆದರೆ ಬಾಣಂತನದಲ್ಲೇ ಅವಳ ಎದೆಯಲ್ಲಿ ಕೀವು ಕಟ್ಟಿ, ಆಸ್ಪತ್ರೆಯಲ್ಲಿ ಕೊಯ್ಯಿಸಿ, ಹಾಲು ಬತ್ತಿಹೋಯಿತು. ಮಂಜನಿಗೆ ಬಾಟಲಿಯೇ ಗತಿಯಾಯಿತು.

ಮಂಜ ಗತಿಗೆಟ್ಟವನ ಹಾಗೆ ಕುಡಿಯುತ್ತಿರಲಿಲ್ಲ, ಮದುವೆ ಊಟಕ್ಕೆ ಬಂದವನ ಹಾಗೆ ಕುಡಿಯುತ್ತಿದ್ದ. ಗಂಗಮ್ಮ ಗಿರಣಿಯೊಳಗೇ ಜೋಳದ ಮೂಟೆ ಮೇಲೆ ಕೂತು, ಒಂದು ಕಣ್ಣು ಗಿರಾಕಿಗಳ ಮೇಲಿಟ್ಟು, ಅವನಿಗೆ ಬಾಟಲಿ ಹಿಡಿಯುತ್ತಿದ್ದಳು. ಹಿಟ್ಟಿನ ಧೂಳು ಮೆತ್ತಿಕೊಂಡು ಅವನು ಆಗ ತಾನೇ ಇಳಿಸಿದ ಕಡುಬಿನಂತೆ ಕಾಣುತ್ತಿದ್ದ. ತೂಕ ನೋಡಲು ಹೋದಾಗ ನಾನು ಮೊದಲು ಅವನನ್ನು ಕೊಡವಿ, ಆಮೇಲೆ ತೂಗುತ್ತಿದ್ದೆ.

ಅವನಿಗೆ ನಾಲ್ಕು ತಿಂಗಳು ತುಂಬಿದ ಹೊತ್ತಿಗೆ ಗಿರಣಿ ಎಂಜಿನ್ನು ಕೆಟ್ಟಿತು. ಒಳಗಿನ ಯಾವುದೋ ಭಾಗ ಸೀಳಿತ್ತು, ಹಾಲಪ್ಪ ಅದನ್ನು ಹೊತ್ತುಕೊಂಡು ದಾವಣಗೆರೆಗೆ ಹೋದ. ಅದೇ ವಾರ ಮಂಜ ಬಾಟಲಿ ಬಿಟ್ಟ.

ಬಿಟ್ಟ ಅಂದರೆ ಪೂರ್ತಿ ಬಿಟ್ಟ. ಬಾಟಲಿ ಕಂಡರೆ ತುಟಿ ಬಿಗಿದು, ಮುಖ ತಿರುಗಿಸಿ, ಬೆನ್ನು ಬಿಲ್ಲಾಗಿಸಿ ಅಳುವುದು. ನಿದ್ದೆಯಲ್ಲಿದ್ದಾಗ ಮೆಲ್ಲಗೆ ಬಾಯಿಗಿಟ್ಟರೆ ಅಷ್ಟಿಷ್ಟು ಕುಡಿಯುತ್ತಿದ್ದ, ಅದರಿಂದಲೇ ಜೀವ ಹಿಡಿದಿತ್ತು. ಕಣ್ಣು ಬಿಟ್ಟನೋ, ಮತ್ತೆ ಬಾಯಿ ಬಂದ್.

ಅತ್ತೆ ಸಿದ್ದಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು, ಮಂಜ ಕುಡಿಯಲಿಲ್ಲ. ಯಾರೋ ಸೂರಗೊಂಡನಕೊಪ್ಪದ ಗುಡಿಗೆ ಹೋಗಿ ಹರಕೆ ಹೊತ್ತು ಬಂದರು. ನಾನು ಬಾಯೊಳಗೆ ಬಿಳಿ ಹುಣ್ಣಿನ ಅಗ್ರ ಕಟ್ಟಿದೆಯಾ ನೋಡಿದೆ, ಕಿವಿ ನೋಡಿದೆ, ಜ್ವರ ನೋಡಿದೆ, ಜಗಳೂರಿನ ಅಜ್ಜನನ್ನು ನೆನೆದು ನಿಪ್ಪಲ್ಲಿನ ತೂತನ್ನೂ ನೋಡಿದೆ. ಎಲ್ಲ ಸರಿಯಿತ್ತು. ಕೊನೆಗೆ ಹಸುವಿನ ಮೇಲೆ ಅನುಮಾನ ಬಂದು, ಹಾಲು ಬದಲಾಯಿಸಿ ನೋಡಿ ಅಂದೆ. ಹಸುವಿನ ಒಡತಿ ಇಡೀ ಬೀದಿಗೆ ಕೇಳುವಂತೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. 'ನನ್ ಹಸಕ್ಕೆ ಹೆಸರಿಡಾಕೆ ಇವಳ್ಯಾರು? ನನ್ ಹಸ ಇವಳಿಗಿಂತ ಶುದ್ಧ ಐತೆ' ಅಂದಳು. ಎರಡನೇ ಹಸು ಬಂತು, ಆಡು ಬಂತು. ಮಂಜ ಯಾರಿಗೂ ಮರ್ಯಾದೆ ಕೊಡಲಿಲ್ಲ.

ಆಗ ಸಿದ್ದಮ್ಮ ಒಂದು ಮಾತಾಡಿದಳು. ಕೆಟ್ಟ ಹೆಂಗಸಲ್ಲ, ಮೊಮ್ಮಗನ ಸಂಕಟಕ್ಕೆ ಆಡಿದ್ದು. 'ನಿದ್ದೆಗಣ್ಣಾಗೆ ಕುಡಿತೈತೆ, ಕಣ್ ಬಿಟ್ರೆ ಒಲ್ಲೆ ಅಂತೈತೆ. ಅಂದ್ರೆ ಏನರ್ಥ? ತಾಯಿ ಮಕ ಕಂಡ್ರೆ ಅದಕ್ಕೆ ಆಗಲ್ಲ.'

ಮರುದಿನ ನಾನು ಹೋದಾಗ ಗಂಗಮ್ಮ ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡು ಕೂಸಿಗೆ ಬಾಟಲಿ ಹಿಡಿದಿದ್ದಳು. ಅವನು ಆಗಲೂ ಅಳುತ್ತಿದ್ದ. ಸೆರಗಿನೊಳಗೆ ಅವಳೂ ಅಳುತ್ತಿದ್ದಳು. ನನ್ನ ಸರ್ವಿಸ್ಸಿನಲ್ಲಿ ನಗು ಅನ್ನುವುದೇ ಮರೆತುಹೋದ ದಿನ ಅದು.

ಹಾಲಪ್ಪನ ತಂಗಿ ರತ್ನಮ್ಮನನ್ನು ಹೊನ್ನಾಳಿಗೆ ಕೊಟ್ಟಿದ್ದರು. ಅವಳಿಗೆ ಎದೆಹಾಲು ಕುಡಿಯುವ ಮಗು ಇತ್ತು, ಹಾಲು ಧಾರಾಳವಾಗಿತ್ತು. ಸುದ್ದಿ ಕೇಳಿ ಬಂದಳು. ಮಂಜನನ್ನು ಎದೆಗೆ ಹಾಕಿಕೊಂಡು ನೋಡಿದಳು, ಅವನಿಗೆ ಅದರ ರೂಢಿಯೇ ಇರಲಿಲ್ಲ. ಹೊನ್ನಾಳಿಗೆ ಕರೆದುಕೊಂಡು ಹೋಗಿ ಇಟ್ಟುಕೊಂಡರೆ ತಾನೇ ಕಲಿಯುತ್ತಾನೆ, ಉಣ್ಣುವಷ್ಟು ದೊಡ್ಡವನಾಗುವವರೆಗೆ ಅಲ್ಲೇ ಇರಲಿ ಅಂತ ಮನೆಯಲ್ಲಿ ತೀರ್ಮಾನವಾಯಿತು. ಗಂಗಮ್ಮ ಜೊತೆಗೆ ಹೋಗಬಾರದು, ಅವಳ ಮುಖ ಕಂಡರೆ ಮತ್ತೆ ಹಠ ಹಿಡಿಯುತ್ತಾನೆ. ಸರೋಜಮ್ಮನವರನ್ನು ಕೇಳಿದರೆ, 'ಎದೆಹಾಲಿಗಿಂತ ಒಳ್ಳೆಯದು ಯಾವುದಿದೆ? ಕಳಿಸಲಿ' ಅಂದರು. ಅವರ ಮಾತು ತಪ್ಪು ಅನ್ನುವ ಹಾಗಿರಲಿಲ್ಲ. ಕೂಸು ಬಾಡುತ್ತಿತ್ತು, ನನ್ನ ಹತ್ತಿರ ಬೇರೆ ಉಪಾಯವೂ ಇರಲಿಲ್ಲ.

ಗಂಗಮ್ಮ ನನ್ನನ್ನು ಹಿತ್ತಿಲಿಗೆ ಕರೆದು ಕೇಳಿದಳು: 'ಅಲ್ಲೇ ದೊಡ್ಡವನಾದ್ರೆ ನನ್ ಗುರ್ತು ಹಿಡಿತಾನಾ ನರ್ಸಮ್ಮ? ಹಾಲೂ ಕೊಡ್ಲಿಲ್ಲ, ಮಕಾನೂ ಬ್ಯಾಡ ಅಂದ. ಇನ್ನು ಯಾವುದ್ರಾಗೆ ಅವ್ವ ನಾನು?'

ಮರುದಿನ ಕೂಸನ್ನು ಕಳಿಸುವಾಗ ನಾನೂ ಬಸ್ ಸ್ಟ್ಯಾಂಡಿಗೆ ಹೋದೆ, ಮನಸ್ಸು ತಡೆಯಲಿಲ್ಲ.

ಹೊನ್ನಾಳಿ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡೇ ಜನರಿಗಾಗಿ ಕಾಯುತ್ತ ನಿಂತಿತ್ತು. ಹಳೇ ಗಾಡಿ, ನಿಂತಲ್ಲೇ ಗಡಗಡ ನಡುಗುತ್ತಿತ್ತು. ರತ್ನಮ್ಮ ಕಿಟಕಿ ಪಕ್ಕ ಕೂತಿದ್ದಳು, ಮಡಿಲಲ್ಲಿ ಮಂಜ ಹಸಿದು ಅಳುತ್ತಿದ್ದ. ಗಂಗಮ್ಮ ಒಂದೇ ಒಂದು ಸಲ ಕೊಟ್ಟು ನೋಡುತ್ತೇನೆಂದು ಬಾಟಲಿ ಹಿಡಿದು ಬಸ್ ಹತ್ತಿದಳು. ಸೆರಗು ಮುಖದ ಮೇಲೆ ಎಳೆದುಕೊಂಡೇ ಬಾಟಲಿ ಅವನ ತುಟಿಗೆ ಮುಟ್ಟಿಸಿದಳು.

ಮಂಜ ಬಾಯಿ ತೆರೆದ. ಚಕಚಕ ಚೀಪಲು ಶುರುಮಾಡಿದ.

ಗಂಗಮ್ಮ ಬಗ್ಗಿ ನೋಡುವಾಗ ಸೆರಗು ಜಾರಿತು. ಅವನು ಅವಳ ಮುಖವನ್ನೇ ನೋಡುತ್ತ ಕುಡಿಯುತ್ತಿದ್ದ. ಸಿದ್ದಮ್ಮ ಕೆಳಗೆ ನಿಂತು ಬಾಯಿ ತೆರೆದವಳು ಮುಚ್ಚಲೇ ಇಲ್ಲ.

ಕಂಡಕ್ಟರು ಬಾಗಿಲಲ್ಲಿ ನಿಂತು 'ಯಮ್ಮಾ, ಟೈಮಾತು, ಇಳೀರಿ' ಅಂದ. ಡ್ರೈವರು ಹಿಂದೆ ತಿರುಗಿ ನೋಡಿದ. ದೊಡ್ಡ ಮೀಸೆಯ, ಮಕ್ಕಳೊಂದಿಗ ಮನುಷ್ಯ. 'ಕುಡಿಲಿ ಬಿಡೋ ಮಾರಾಯ. ಕೂಸು ಹಾಲು ಕುಡಿಯೋವಾಗ ಎಬ್ಬಿಸ್ತಾರಾ?' ಎಂದವನೇ, ಪಾಪ, ಕೂಸಿಗೆ ಗದ್ದಲವಾಗದಿರಲಿ ಅಂತ ಎಂಜಿನ್ ಆರಿಸಿದ.

ಮಂಜ ತಕ್ಷಣ ನಿಪ್ಪಲ್ಲು ಉಗಿದು ಕಿರುಚಿದ.

ಗಂಗಮ್ಮ ಮತ್ತೆ ಸೆರಗಿಗೆ ಕೈ ಹಾಕಿದಳು. ಡ್ರೈವರು, ಇದ್ಯಾಕೋ ಆಗುವ ಕೆಲಸ ಅಲ್ಲ ಅಂದುಕೊಂಡು ಎಂಜಿನ್ ಚಾಲೂ ಮಾಡಿದ. ಮಂಜ ಬಾಟಲಿಗೆ ಬಾಯಿ ಹಾಕಿದ. ನನ್ನ ತಲೆಯೊಳಗೆ ಟುಕ್ಕು ಟುಕ್ಕು ಅಂತ ಗಿರಣಿ ಶುರುವಾಯಿತು.

ನಾನು ಕಿಟಕಿಯ ಸರಳು ಹಿಡಿದು ಕೂಗಿದೆ: 'ಡ್ರೈವರಣ್ಣ, ಇನ್ನೊಂದ್ಸಲ ಆಫ್ ಮಾಡಪ್ಪ.'

ಆಫ್ ಮಾಡಿದ, ಮಂಜ ಬಿಟ್ಟ. ಆನ್ ಮಾಡಿದ, ಮಂಜ ಹಿಡಿದ. ಇಡೀ ಬಸ್ಸು ಎದ್ದು ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ, ತನಗೆ ಕಾಣಲಿಲ್ಲ, ಇನ್ನೊಮ್ಮೆ ಮಾಡಿಸಿ ಅಂದಳು. ಒಬ್ಬ ಯಜಮಾನರು ಹೊನ್ನಾಳಿ ಕೋರ್ಟಿಗೆ ಹೊರಟಿದ್ದರು. 'ನಂದು ಕೇಸ್ ಐತ್ರಿ, ಇದೇನು ಆಟ ಹಚ್ಚೀರಿ' ಎಂದು ಬಯ್ಯುತ್ತ ಮುಂದೆ ಬಂದವರು, ಕೂಸನ್ನು ನೋಡಿ, 'ತಡಿ, ಸ್ವಲ್ಪ ರೇಸ್ ಕೊಟ್ಟು ನೋಡು' ಅಂತ ಡ್ರೈವರಿಗೆ ಹೇಳಿದರು. ರೇಸ್ ಕೊಟ್ಟರೆ ಮಂಜನೂ ಜೋರಾಗಿ ಚೀಪಿದ. ನಾನು ನೆಲದ ಮೇಲೆ ಕೂತು ನಕ್ಕೆ. ಅವತ್ತು ನನ್ನನ್ನು ಬಯ್ಯಲು ಯಾರಿಗೂ ಬಿಡುವಿರಲಿಲ್ಲ, ಎಲ್ಲರೂ ನಗುತ್ತಿದ್ದರು.

ಹುಟ್ಟಿದಾಗಿನಿಂದ ಹಗಲೆಲ್ಲ ಎಂಜಿನ್ ಪಕ್ಕ ಕುಡಿದ ಕೂಸು. ಆ ಸದ್ದಿಲ್ಲದಿದ್ದರೆ ಅದಕ್ಕೆ ಊಟದ ಹೊತ್ತೇ ಅಲ್ಲ. ಇಷ್ಟು ಸಣ್ಣ ವಿಷಯ ನಮಗ್ಯಾರಿಗೂ ಹೊಳೆದಿರಲಿಲ್ಲ. ಗಿರಣಿ ನಿಂತದ್ದು ಒಂದು ಕಷ್ಟ, ಕೂಸು ಕುಡಿಯದ್ದು ಇನ್ನೊಂದು ಕಷ್ಟ ಅಂತ ಬೇರೆ ಬೇರೆ ಅಳುತ್ತಿದ್ದೆವು.

ರತ್ನಮ್ಮ ಬಾಟಲಿ ಸಮೇತ ಕೂಸನ್ನು ಗಂಗಮ್ಮನ ಕೈಗೆ ಹಾಕಿದಳು. 'ತಗೊಳ್ಳಿ ಅತ್ತಿಗೆ. ಇವನಿಗೆ ನನ್ ಹಾಲು ಯಾಕೆ? ಡೀಸೆಲ್ ಸಾಕು' ಅಂದಳು. ಹಾಗೆ ಅನ್ನುತ್ತಲೇ ಕಣ್ಣು ಒರೆಸಿಕೊಂಡಳು.

ಆದರೆ ಎಂಜಿನ್ನಿನ ಭಾಗ ದಾವಣಗೆರೆಯಿಂದ ಬರುವುದು ಇನ್ನೂ ತಡವಾಯಿತು. ಅಲ್ಲಿಯವರೆಗೆ ಗಂಗಮ್ಮನ ಸಂಸಾರ ಬಸ್ ಸ್ಟ್ಯಾಂಡಿನಲ್ಲೇ. ಬಸ್ಸು ಬಂದ ಸದ್ದಾದರೆ ಬಾಟಲಿ ಹಿಡಿದು ಓಡುವುದು. ಕಂಡಕ್ಟರುಗಳು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು, 'ಗಿರಣಿ ಕೂಸು ಕುಡಿತಾ?' ಅಂತ ಕೇಳಿಯೇ ಸೀಟಿ ಊದುತ್ತಿದ್ದರು. ಬಸ್ಸಿಲ್ಲದ ಹೊತ್ತಿನಲ್ಲಿ ಬೇರೆ ಬೇರೆ ಪ್ರಯೋಗ. ದರ್ಜಿಯ ಹೊಲಿಗೆ ಯಂತ್ರ ಅವನಿಗೆ ಸೇರಲಿಲ್ಲ. ಮೆಣಸಿನಕಾಯಿ ವ್ಯಾಪಾರಿಯ ಮೋಟರ್ ಬೈಕು ಸೇರಿತು, ಹೊಗೆಗೆ ಕೆಮ್ಮು ಬಂದು ಬಿಡಿಸಿದೆ. ಸಿದ್ದಮ್ಮ ಸೀಮೆಎಣ್ಣೆ ಡಬ್ಬಕ್ಕೆ ಸೌಟಿನಿಂದ ಬಾರಿಸಿದಳು, ಪಕ್ಕದ ಮನೆಯವರು ಜಗಳಕ್ಕೆ ಬಂದರು.

ಹಾಲಪ್ಪ ಬಂದು ಗಿರಣಿ ಮತ್ತೆ ಶುರುವಾದ ದಿನ ಮಂಜ ಕೈಕಾಲು ಬಡಿದು ಕುಡಿದ. ಸರೋಜಮ್ಮನವರು ಬಂದು ನೋಡಿ, 'ಸರಿ, ಮುಂದೆ? ಇವನನ್ನು ಎಂಜಿನ್ನಿಗೇ ದತ್ತು ಕೊಡ್ತೀರಾ?' ಅಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಹಾಲಪ್ಪ ಕರೆಂಟ್ ಮೋಟರು ಹಾಕಿಸಲು ಓಡಾಡುತ್ತಿದ್ದ. ಮೋಟರು ಬಂದರೆ ಟುಕ್ಕು ಟುಕ್ಕು ಹೋಗುತ್ತದೆ. ಆಮೇಲೆ ಹೊನ್ನಾಳಿ ಬಸ್ಸು ತಪ್ಪಿದ್ದಲ್ಲ.

ನಾನೊಂದು ದಾರಿ ಹೇಳಿದೆ. ಕೂಸಿನ ರೂಢಿಯನ್ನು ಕಿತ್ತು ಬಿಸಾಡಲಾಗದು, ಮೆಲ್ಲಗೆ ಜಾರಿಸಬೇಕು. ದಿನದಿನಕ್ಕೆ ಎಂಜಿನ್ನಿನಿಂದ ದೂರ ಕೂತು ಕುಡಿಸು ಅಂದೆ. ಗಂಗಮ್ಮ ಮೂಟೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೇವಿನ ಮರದ ಕೆಳಗೆ ಬಂದಳು. ಅಲ್ಲಿ ಸದ್ದು ಸಣ್ಣದಾಯಿತು, ಮಂಜ ತುಟಿ ಸಡಿಲಿಸಿದ. ಆಗ ಅವಳೇ ನಾಲಿಗೆಯನ್ನು ಅಂಗುಳಿಗೆ ಹಚ್ಚಿ 'ಟುಕ್ಕು ಟುಕ್ಕು' ಅಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಅವನು ಅವಳ ಬಾಯಿ ನೋಡಿದ, ಯೋಚಿಸಿದ, ಮತ್ತೆ ಚೀಪತೊಡಗಿದ.

ಆಮೇಲೆ ಎಲ್ಲರಿಗೂ ಹುರುಪು. ಸಿದ್ದಮ್ಮ ಟುಕ್ಕು ಟುಕ್ಕು ಅಂದರೆ ಕಾಳು ಹಾಕುತ್ತಾಳೆಂದು ಕೋಳಿಗಳು ಓಡಿಬಂದವು. ನಾನು ಹಾಗೆ ಅಂದರೆ ಮಂಜನಿಗೆ ನಗು ಬಂದು ಹಾಲು ಮೂಗಿಗೆ ಹತ್ತಿತು. ಹಬ್ಬಕ್ಕೆ ಬಂದ ರತ್ನಮ್ಮ ನಮ್ಮೆಲ್ಲರಿಗಿಂತ ಚೆನ್ನಾಗಿಯೇ ಮಾಡಿದಳು. ಅವನು ನಿಪ್ಪಲ್ಲು ಬಿಟ್ಟು, ಕತ್ತು ತಿರುಗಿಸಿ ಅವ್ವನನ್ನು ಹುಡುಕಿದ. ಒಂದು ಮಧ್ಯಾಹ್ನ ಬೇವಿನ ಮರದ ಹಿಂದೆ ಸಣ್ಣಗೆ ಟುಕ್ಕು ಟುಕ್ಕು ಕೇಳಿಸಿ ಹೋಗಿ ನೋಡಿದರೆ, ಸರೋಜಮ್ಮನವರು ಒಬ್ಬರೇ ನಿಂತಿದ್ದಾರೆ. 'ಗಂಟಲು ಸರಿ ಇಲ್ಲ' ಅಂದರು. ನಾನು ಸೆರಗು ಹುಡುಕಿಕೊಂಡೆ. ಅವರ ಇಸ್ತ್ರಿ ಮುಖವೂ ಅವತ್ತು ನಗುವಿಗೆ ಸುಕ್ಕಾಯಿತು.

ಬಾಟಲಿ ಬಿಡಿಸುವುದೂ ಹೀಗೇ ಆಯಿತು. ಮೊದಲ ವರ್ಷಗಳಲ್ಲಿ ಬಾಟಲಿ ತೊಳೆಯುವುದು ಹೀಗೆ ಅಂತ ಹೇಳಿಕೊಟ್ಟು ಬಂದ ನಮಗೆ, ಎಂಬತ್ತರ ದಶಕಕ್ಕೆ ಬಾಟಲಿಯೇ ಬೇಡ ಅಂತ ಹೇಳಿ ಅನ್ನುವ ಆರ್ಡರು ಬಂತು. ಹೇಳಲು ಹೋದರೆ ಸಿದ್ದಮ್ಮ, 'ಮದ್ಲು ನೀವು ನೀವೇ ಒಂದು ಮಾತಿಗೆ ಬರ್ರಿ. ಆಮೇಲೆ ನಮಗೆ ಹೇಳಾಕೆ ಬರ್ರಿ' ಅಂದಳು. ಅಂದರೂ ಅಟ್ಟ ಹತ್ತಿ, ಹಾಲಪ್ಪನಿಗೆ ಕುಡಿಸಿದ್ದ ಹಿತ್ತಾಳೆ ಒಳಲೆ ತಂದು ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ಗಂಗಮ್ಮ ಕಾಲು ಚಾಚಿ ಅವನನ್ನು ಮಲಗಿಸಿಕೊಂಡು, ಟುಕ್ಕು ಟುಕ್ಕು ಅನ್ನುತ್ತ ಒಳಲೆಯಲ್ಲಿ ಹಾಲು ಬಿಟ್ಟಳು. ಬಾಟಲಿ ಎಲ್ಲಿ ಹೋಯಿತು ಅಂತ ಮಂಜ ಕೇಳಲೂ ಇಲ್ಲ. ಹುಡುಗಿಯರೇ, ಇದನ್ನು ನೆನಪಿಡಿ. ಕೂಸು ಬಿಡುವುದು ಹಿಡಿಯುವುದು ಬಾಟಲಿಯೊಂದನ್ನೇ ಅಲ್ಲ. ಅದರ ಜೊತೆ ಬಂದ ಸದ್ದು, ಜಾಗ, ಮಡಿಲು, ಎಲ್ಲವನ್ನೂ ಸೇರಿಸಿ ಕುಡಿಯುತ್ತದೆ.

ಗಿರಣಿಗೆ ಕರೆಂಟ್ ಮೋಟರು ಬಂದ ಸ್ವಲ್ಪ ದಿನಕ್ಕೆ ನನಗೆ ಚನ್ನಗಿರಿಗೆ ವರ್ಗವಾಯಿತು. ಕಳಿಸಲು ಗಿರಣಿ ಮನೆಯವರೆಲ್ಲ ಬಸ್ ಸ್ಟ್ಯಾಂಡಿಗೆ ಬಂದರು. ಮಂಜ ಗಂಗಮ್ಮನ ಸೊಂಟದ ಮೇಲೆ ಕೂತಿದ್ದ, ಕೆಳಗಿನ ಒಸಡಿನಲ್ಲಿ ಎರಡು ಅಕ್ಕಿಕಾಳಿನಂಥ ಹಲ್ಲು. ನಾನು ಬಸ್ ಹತ್ತಿ ಕೂತೆ. ಡ್ರೈವರು ಅದೇ ಮೀಸೆಯವನು. ಮಂಜನನ್ನು ಗುರುತು ಹಿಡಿದು, 'ನೋಡ್ರಿ ಈಗ, ಬಾಯಿ ತೆಗಿತಾನೆ' ಎಂದು ಎಂಜಿನ್ ಚಾಲೂ ಮಾಡಿ ಜೋರಾಗಿ ರೇಸ್ ಕೊಟ್ಟ.

ನಾವೆಲ್ಲ ಮಂಜನನ್ನೇ ನೋಡಿದೆವು. ಅವನು ಬಸ್ಸಿನ ಕಡೆ ತಿರುಗಲೇ ಇಲ್ಲ. ಗಂಗಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅವಳ ತುಟಿ ನೋಡುತ್ತ ಕಾದ.

ಸಿದ್ದಮ್ಮ ಸೊಸೆಯ ಭುಜ ಮುಟ್ಟಿ ಹೇಳಿದಳು: 'ನೋಡೇ ಗಂಗಿ. ನಿನ್ ಮಕಾನೇ ನೋಡ್ತಾನೆ.'

ಗಂಗಮ್ಮ ಅತ್ತೆಗೆ ಉತ್ತರ ಕೊಡಲಿಲ್ಲ. ಅವಳ ಬಾಯಿಗೆ ಆಗ ಬೇರೆ ಕೆಲಸವಿತ್ತು.